ಎಂಟನೆಯ ಬಣ್ಣ

ಏಪ್ರಿಲ್ ೧೭, ಗುರುವಾರ

ಎಂಟನೆಯ ಬಣ್ಣ ಇವತ್ತು ಕೈಕೊಟ್ಟಿತು.

ಚಿಪ್‌ನೊಳಗೆ ಕೂದಲಿಗಿಂತ ಸಣ್ಣದಾದ ಒಂದೇ ದಾರಿ. ಅದರಲ್ಲಿ ಎಂಟು ಬಣ್ಣದ ಬೆಳಕು, ಒಂದೊಂದರ ಮೇಲೂ ಬೇರೆ ಬೇರೆ ಮಾಹಿತಿ. ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಮಾಡುತ್ತಿರುವ ಪಿಎಚ್‌.ಡಿ. ನಿಂತಿರುವುದು ಇಷ್ಟರ ಮೇಲೆ. ಮಧ್ಯಾಹ್ನ ಕರೆಂಟ್ ಹೋಯಿತು. ಯಂತ್ರಗಳು ಯುಪಿಎಸ್ ಮೇಲೆ ಓಡಿದವು, ಎಸಿ ನಿಂತಿತು. ಅರ್ಧ ಗಂಟೆಯ ಸೆಕೆಗೆ ಏಳನೆಯದೂ ಎಂಟನೆಯದೂ ಬೆರೆತು ಮಾಹಿತಿ ಕಲಸಿಹೋಯಿತು; ಗ್ರಾಫಿನಲ್ಲೂ ಅದೇ ಮೂಡಿತು. ಕವಿತೆಯಲ್ಲಾದರೆ ಅದನ್ನು ಚೆಲುವು ಎನ್ನುತ್ತಿದ್ದೆ.

"ಅಕ್ಕಾ, ಆ ಗ್ರಾಫ್ ತೆಗೆದುಬಿಡ್ರಿ. ಎಸಿ ಇದ್ದಾಗಿನವು ಛಲೋ ಅದಾವಲ್ಲ," ಅಂದಳು ಲ್ಯಾಬಿನ ಜೊತೆಗಾತಿ ತಬಸ್ಸುಮ್.

"ಚಿಪ್ ಒಳಗ ಎಸಿ ಯಾರು ಹಚ್ತಾರವ್ವ?"

"ನಾಳೆ ಗೈಡ್ ಸರ್ ಬಿಸಿ ಆದ್ರ ಅವರಿಗ್ಯಾರು ಹಚ್ತಾರ?"

ಸಂಜೆ ಕಮಲಾಪುರಕ್ಕೆ ಬರುವ ಜೀಪಿನಲ್ಲಿ ಮೂವರ ಸೀಟಿಗೆ ನಾಲ್ವರು. "ಜರಾ ಸರೀರಿ ಮೇಡಂ, ಇನ್ನೊಬ್ರು ಹಿಡೀತಾರ," ಎಂದ ಡ್ರೈವರ್ ಇಮಾಮುದ್ದೀನ್. ಬೆವರಿನಲ್ಲಿ ಯಾರ ತೋಳು ಯಾರದೆಂದು ತಿಳಿಯಲಿಲ್ಲ. ಇಷ್ಟು ವರ್ಷ ನಾನೂ ಬೆಳಕಿಗೆ ಡ್ರೈವರನ ಈ ಮಾತನ್ನೇ ಹೇಳುತ್ತ ಬಂದವಳು.

ಬೆರೆತ ಎರಡನ್ನೂ ಬಿಟ್ಟು ಆರೇ ಬಣ್ಣ ಸಾಕೆಂದರೆ, ಅದನ್ನು ಬೇರೆಯವರು ಆಗಲೇ ಮಾಡಿದ್ದಾರೆ. ಪ್ರಬಂಧ ಗೈಡ್‌ಗೆ ಒಪ್ಪಿಸಲು ನಾಳೆ ಕೊನೆಯ ಗಡುವು. ಕೆಟ್ಟ ಗ್ರಾಫನ್ನು ಗೈಡ್ ಮೊದಲು ನೋಡುವ ಪುಟದಲ್ಲೇ ಇಟ್ಟಿದ್ದೇನೆ. ತೆಗೆಯುವ ಮನಸ್ಸಾದರೆ ಬೆಳಗಿನವರೆಗೆ ಹೊತ್ತಿದೆ. ಲ್ಯಾಪ್‌ಟಾಪ್ ಇನ್ನೂ ಮುಚ್ಚಿಲ್ಲ.