ಅಜ್ಜಿಯನ್ನು ಸಾಯಿಸದ ರಜೆ ಅರ್ಜಿ

ಮನೆಯ ಮೆಟ್ಟಿಲ ಮೇಲೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತಾ? ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಸ್ನಾನಕ್ಕೆ ಕೂರಿಸುವಾಗ ಒಬ್ಬಳೇ ಎತ್ತಬೇಡ, ಅವರ ಮಗನನ್ನು ಕೂಗು. ಫೋನಿನಲ್ಲಿ ಕೇಳಿದರೆ ‘ನಂಗೇನಾಗಿದೆ, ಕಲ್ಲುಗುಂಡಿನ ಹಾಗಿದೀನಿ’ ಅನ್ನುತ್ತೀಯ. ಇಲ್ಲಿ ಸ್ಪೀಕರ್ ಹಾಕಿಕೊಂಡು ನಮ್ಮ ಮನೆಮಂದಿಯೆಲ್ಲ ಸುತ್ತ ಕೂತಿರುವಾಗ ಇನ್ನೇನು ತಾನೆ ಹೇಳುತ್ತೀಯ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದಕ್ಕೆ ಸ್ಪೀಕರ್ ಇಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ ಅಡುಗೆ ಕಲಿತಿದ್ದಾರೆ, ನಾವು ಅದನ್ನು ತಿನ್ನುವುದನ್ನು ಕಲಿಯುತ್ತಿದ್ದೇವೆ. ಅಜ್ಜಿಗೆ ಹೊಸ ಕನ್ನಡಕ ಬಂದಿದೆ. ಅದು ಬಂದಾಗಿನಿಂದ ಅವಳಿಗೆ ಮನೆಯಲ್ಲಿ ಎಲ್ಲಿಲ್ಲದ ಧೂಳು ಕಾಣುತ್ತದೆ, ಗುಡಿಸುವವಳು ನಾನು. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ನೀನು ಬಯ್ಯುತ್ತಿದ್ದ ಮಗಳು ಬೇಕರಿ ಬಿಟ್ಟಳು, ಝೆರಾಕ್ಸ್ ಅಂಗಡಿ ಬಿಟ್ಟಳು, ಪಾರ್ಸೆಲ್ ಗೋಡೌನನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ಅದಕ್ಕೆ ಕಾರಣ ಸಂಬಳವಲ್ಲ, ಇಂಗ್ಲಿಷು. ನಗಬೇಡ.

ಸಂಜೆ ವ್ಯಾನು ಖಾಲಿಯಾದ ಮೇಲೆ ಅದರ ಹಿಂಬದಿಯಲ್ಲಿ ಮೂವರು ಕಾಲು ಇಳಿಬಿಟ್ಟು ಕೂರುತ್ತೇವೆ: ನಾನು, ವ್ಯಾನ್ ಓಡಿಸುವ ಡ್ರೈವರಣ್ಣ, ಪಕ್ಕದ ಔಷಧಿ ಅಂಗಡಿಯ ಹುಡುಗಿ. ಅವಳನ್ನು ನಾವು ಮಾತ್ರೆ ಎಂದು ಕರೆಯುತ್ತೇವೆ. ಚಿಕ್ಕದು, ಕಹಿ, ಆದರೆ ಕೆಲಸ ಮಾಡುತ್ತದೆ. ಅಂದು ನಡೆದದ್ದನ್ನು ಒಬ್ಬೊಬ್ಬರೂ ಹಾಳಾದ ವಿಳಾಸದ ಚೀಟಿಗಳ ಹಿಂದೆ ಇಂಗ್ಲಿಷಿನಲ್ಲಿ ಬರೆದು ಪಕ್ಕದವರಿಗೆ ಕೊಡಬೇಕು. ತಿದ್ದುವವರು ಪೆನ್ನು ಮುಟ್ಟುವ ಮೊದಲು, ತಮಗೆ ಏನು ಅರ್ಥವಾಯಿತು ಎಂದು ಕನ್ನಡದಲ್ಲಿ ಜೋರಾಗಿ ಹೇಳಬೇಕು, ಇದು ನಿಯಮ. ಒಮ್ಮೆ ನಾನು ಪೆಟ್ಟಿಗೆ ಬೀಳಿಸಿ ಯಜಮಾನರಿಂದ ಬೈಸಿಕೊಂಡದ್ದನ್ನು ಬರೆದಿದ್ದೆ. ಡ್ರೈವರಣ್ಣ ಓದಿ, ‘ಅಯ್ಯೋ, ಯಜಮಾನರ ಮೇಲೆ ಪೆಟ್ಟಿಗೆ ಬಿತ್ತಾ? ಯಾವ ಆಸ್ಪತ್ರೆ?’ ಎಂದು ಎದ್ದೇ ನಿಂತರು. ಹೀಗೆ ಕಲಿಯುತ್ತಿದ್ದೇವೆ.

ಮೊನ್ನೆ ನೀನು ಫೋನಿನಲ್ಲಿ, ರಜೆ ಬೇಕಾದರೆ ನಿನ್ನನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಗೆ ನಮ್ಮ ಮನೆಯವರೇ ಕಾರಣ ತಿಳಿಸಿ ಇಂಗ್ಲಿಷಿನಲ್ಲಿ ಅರ್ಜಿ ಕಳಿಸಬೇಕಂತೆ ಎಂದೆಯಲ್ಲ, ಅಪ್ಪ ತಕ್ಷಣ ‘ನಮ್ಮ ಚಕ್ರ ಬರೀತಾಳೆ ಬಿಡು’ ಎಂದುಬಿಟ್ಟರು. ನೀನು ‘ನೋಡೋಣ’ ಎಂದೆ. ನಾನು ಅಂದೇ ಬರೆದು ವ್ಯಾನಿಗೆ ಒಯ್ದೆ. ಡ್ರೈವರಣ್ಣ ಓದಿ ತಲೆಯಾಡಿಸಿದರು. ‘ಇಂಗ್ಲಿಷ್ ಪರವಾಗಿಲ್ಲ ಕಣಮ್ಮ, ಕಾರಣ ಎಲ್ಲಿ? ಎಲ್ಲಾ ಚೆನ್ನಾಗಿದೀವಿ ಅಂದ್ರೆ ಯಾರು ರಜೆ ಕೊಡ್ತಾರೆ? ಅಜ್ಜಿಗೆ ಸೀರಿಯಸ್ ಅಂತ ಹಾಕು.’ ಅವರ ಜೊತೆ ಕೆಲಸ ಮಾಡುವವರ ಅಜ್ಜಿಯರೆಲ್ಲ ಎರಡೆರಡು ಸಲ ಸತ್ತಿದ್ದಾರಂತೆ. ಮನೆಗೆ ಬಂದು ಇದನ್ನು ಅಜ್ಜಿಗೆ ತಮಾಷೆಗೆಂದು ಹೇಳಿದೆ. ಅವಳು ಕನ್ನಡಕ ತೆಗೆದಿಟ್ಟು, ‘ಹಾಕೇ, ಏನೀಗ? ಬದುಕಿ ಯಾರಿಗೇನು ಉಪಕಾರ ಮಾಡಿದೆ, ಸತ್ತಾದ್ರೂ ಸೊಸೇನ ಕರೆಸ್ತೀನಿ. ಪೂರ್ತಿ ಮಾತ್ರ ಸಾಯಿಸ್ಬೇಡ, ಸೀರಿಯಸ್ಸಲ್ಲೇ ಇಡು. ಅವಳು ಬಂದಾಗ ಎದ್ದು ಕೂರೋಕೆ ಸುಲಭ’ ಎಂದಳು. ಅಪ್ಪನಿಗೆ ನಕ್ಕು ನಕ್ಕು ಕೆಮ್ಮು ಬಂತು.

ಆದರೆ ನನ್ನ ಕೈ ಓಡಲಿಲ್ಲ ಅಮ್ಮಾ. ಶಾಲೆಯಲ್ಲಿ ಎಲ್ಲರೂ ರಜೆ ಚೀಟಿಗೆ ಜ್ವರ ಎಂದು ಬರೆದರೆ, ‘ಬೇಜಾರಾಗಿತ್ತು, ಬರಲಿಲ್ಲ’ ಎಂದು ಬರೆದು ಬಾಗಿಲ ಹೊರಗೆ ನಿಂತವಳು ನಾನು. ಹಾಗೆ ನಿಂತು ನಿಂತು ಒಂದು ದಿನ ಒಳಗೆ ಹೋಗಲೇ ಇಲ್ಲ, ನಿನಗೆ ಗೊತ್ತಲ್ಲ. ಅದಕ್ಕೆ ಅರ್ಜಿಯಲ್ಲಿ ಇದ್ದದ್ದನ್ನೇ ಬರೆದೆ: ನಮ್ಮ ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ. ಅಜ್ಜಿ ಗಟ್ಟಿಯಾಗಿದ್ದಾಳೆ, ಜಗಳವಾಡುತ್ತಾಳೆ. ಯಾರಾದರೂ ಕಾಯಿಲೆ ಬಿದ್ದು ಮಲಗಿದ ಮೇಲೆ ಬಂದರೆ ಅಮ್ಮ ಇಲ್ಲಿಯೂ ಆರೈಕೆಯನ್ನೇ ಮಾಡಬೇಕಾಗುತ್ತದೆ. ಎಲ್ಲರೂ ಚೆನ್ನಾಗಿರುವಾಗ ಬಂದರೆ ಸುಮ್ಮನೆ ಕೂರಬಹುದು. ಸುಮ್ಮನೆ ಕೂರುವುದನ್ನು ಸೋಮಾರಿತನ ಅನ್ನಿಸದ ಹಾಗೆ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ ಎಂದು ಮೂವರೂ ಕತ್ತಲಾಗುವವರೆಗೆ ಕಚ್ಚಾಡಿದೆವು. ಕೊನೆಗೆ ಡ್ರೈವರಣ್ಣನೂ ‘ಹೂಂ, ಇದೂ ಒಂದು ಕಾರಣಾನೇ’ ಎಂದು ಒಪ್ಪಿದರು.

ಆಮೇಲೆ ಮಾತ್ರೆಯ ಸರದಿ. ನಿಯಮದಂತೆ ಕನ್ನಡದಲ್ಲಿ ಹೇಳುತ್ತ ಹೋದಳು. ‘ಮನೆಗೆ ಬರಬೇಕು ಅಂತ ಅಮ್ಮ ತುಂಬ ಆಸೆ ಪಡ್ತಿದಾರೆ’ ಎಂಬಲ್ಲಿಗೆ ನಿಂತಳು. ಏನು, ತಪ್ಪಾ ಎಂದು ಕೇಳಿದೆ. ‘ಇಂಗ್ಲಿಷ್ ಸರಿಯಾಗೇ ಇದೆ. ಹೌದಾ ಅಂತ ಕೇಳ್ತಿದೀನಿ. ಯಾವಾಗ ಹೇಳಿದ್ರು?’

ನಿನ್ನ ಫೋನುಗಳನ್ನೆಲ್ಲ ನೆನೆಸಿಕೊಂಡೆ. ‘ಅಪ್ಪ ಊಟ ಮಾಡಿದ್ರಾ’, ‘ಅಜ್ಜಿ ಕಾಲು ಊದಿಲ್ಲ ತಾನೆ’, ‘ಕೆಲಸ ಬಿಟ್ಟುಗಿಟ್ಟೀಯ ಜೋಕೆ’, ‘ನೋಡೋಣ’. ಯಾವಾಗ ಬರುತ್ತೀಯ ಎಂದು ನಾವು ಎಷ್ಟೋ ಸಲ ಕೇಳಿದ್ದೇವೆ. ಬರಬೇಕು ಅನ್ನಿಸುತ್ತಾ ಎಂದು ಒಬ್ಬರೂ ಕೇಳಿಲ್ಲ. ಅಲ್ಲಿ ನಿನಗೊಂದು ಕೋಣೆ ಇದೆ, ಬಾಗಿಲು ಹಾಕಿಕೊಂಡರೆ ಯಾರೂ ಕೂಗುವುದಿಲ್ಲ ಎಂದು ಒಮ್ಮೆ ನೀನೇ ನಗುತ್ತ ಹೇಳಿದ್ದೆ. ಆ ನಗು ನನಗೆ ಈಗ ಕೇಳಿಸುತ್ತಿದೆ. ಅಜ್ಜಿಯ ಬಗ್ಗೆ ಸುಳ್ಳು ಬರೆಯಲಾರೆ ಎಂದು ಜಂಬ ಕೊಚ್ಚಿಕೊಂಡವಳು ನನ್ನ ಆಸೆಯನ್ನು ನಿನ್ನದೆಂದು ಬರೆದುಬಿಟ್ಟಿದ್ದೆ. ನನಗಂತೂ ನೀನು ಬರಬೇಕು. ಅದು ನಿಜ, ಆದರೆ ಅದು ನನ್ನ ಸಾಲು.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಮುದುಕಮ್ಮನಿಗೆ ನನ್ನ ನಮಸ್ಕಾರ ಹೇಳು. ಅಜ್ಜಿ ಒಳಗಿನಿಂದಲೇ ಆಶೀರ್ವಾದ ಕೂಗುತ್ತಿದ್ದಾಳೆ, ‘ಸದ್ಯಕ್ಕೆ ಬದುಕಿದೀನಿ ಅಂತ ಬರಿ’ ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ಒಂದೇ ಕಡೆ ನಿಲ್ಲಲು ಕಲಿಯುತ್ತಿರುವ,
ನಿನ್ನ ಚಕ್ರ

ಮರೆತಿದ್ದೆ: ಅರ್ಜಿ ಇದೇ ಲಕೋಟೆಯಲ್ಲಿದೆ. ನಡುವೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ, ಅದು ನಿನ್ನದು. ಬರಬೇಕು ಅನ್ನಿಸಿದರೆ ತುಂಬಿ ಏಜೆನ್ಸಿಗೆ ಕೊಡು. ಇಂಗ್ಲಿಷಿನಲ್ಲಿ ಹೇಗೆಂದು ಈ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ, ನೋಡಿಕೊಂಡು ಬರೆದರೆ ಸಾಕು. ಈಗ ಬೇಡ ಅನ್ನಿಸಿದರೆ ಹರಿದುಹಾಕು, ನಾನು ಬೇಜಾರು ಮಾಡಿಕೊಳ್ಳುತ್ತೇನೆ, ಆದರೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ರಜೆ ಏನಾಯಿತು ಎಂದು ಅಪ್ಪ ಕೇಳಿದರೆ ನನ್ನ ಬಾಯಲ್ಲಿ ಸುಳ್ಳು ಬರುವುದಿಲ್ಲವಲ್ಲ, ‘ಅಮ್ಮನನ್ನೇ ಕೇಳಿ, ನಾವು ಇನ್ನೂ ಕೇಳೇ ಇಲ್ಲ’ ಅನ್ನುತ್ತೇನೆ.