ಜೆಲ್‌ಗೆ ಬಿದ್ದ ಸುತ್ತಿಗೆ ಏಟು

ಬುಧವಾರ, ಬೆಳಿಗ್ಗೆ

ಸುತ್ತಿಗೆ ಸರದಾರನಿಗೆ,

ಪ್ರೀತಿಯ ಗಂಡನಿಗೆ ಎನ್ನಲು ಬಾಯಿ ಬರುತ್ತಿಲ್ಲ. ನಾಳೆ ವಿಚಾರಣೆಯಲ್ಲಿ "ಅವಳು ತಯಾರಿಸಿದ ಜೆಲ್ಲೇ ಸರಿಯಿರಲಿಲ್ಲ" ಎನ್ನುತ್ತೀಯಂತೆ. ಲ್ಯಾಬಿನವರು ಬಂದು ಹೇಳಿದರು. ಭೇಷ್! ನನ್ನ ತಮ್ಮನನ್ನು ಸುಟ್ಟಿದ್ದೂ ಅಲ್ಲದೆ, ತಪ್ಪನ್ನು ನನ್ನ ತಲೆಗೇ ಕಟ್ಟಲು ಹೊರಟೆಯಾ?

ನೀನು ನೀರಿನಂತೆ ಹರಿಯುವ ರಾಕೆಟ್ ಇಂಧನ, ದ್ರವ ಮೀಥೇನಿನ ಜೊತೆ ಏಗಿದವನು. ಅದರ ಕೊರೆಯುವ ಚಳಿಗೆ ಪೈಪಿನ ಕವಾಟ ಹಿಮಗಟ್ಟಿ ಕಚ್ಚಿಕೊಂಡರೆ ಸುತ್ತಿಗೆಯಿಂದ ಎರಡು ಬಿಗಿಯುವುದು, ಎಂಜಿನ್ ಉರಿಸಿ ನೋಡುವ ನಿಮ್ಮ ಟೆಸ್ಟ್ ಸ್ಟ್ಯಾಂಡಿನವರಿಗೆಲ್ಲ ಅದೇ ಚಾಳಿ. ರಾಕೆಟ್ ಟ್ಯಾಂಕಿನಲ್ಲಿ ಇಂಧನ ತುಳುಕಬಾರದು, ಸೋರಿದರೂ ಹರಡಬಾರದು ಎಂದೇ ಅಲ್ಲವೇ ನಾನು ಅದನ್ನು ಜೆಲ್ ಮಾಡಿದ್ದು? ಸುಮ್ಮನಿದ್ದರೆ ಕದಲುವುದಿಲ್ಲ, ಏಟು ಬಿದ್ದರೆ ಹರಿಯುತ್ತದೆ ಎಂದು ಊಟದ ಮೇಜಿನಲ್ಲಿ ಸಾಸ್ ಬಾಟಲಿ ಬಗ್ಗಿಸಿ, ತಳಕ್ಕೆ ಗುದ್ದಿ ತೋರಿಸಿದ್ದೆ. ನಿನ್ನ ಅಂಗಿಯೆಲ್ಲ ಕೆಂಪಾಯಿತು. ನೀನು, ನಾನು, ತಮ್ಮ ಬಿದ್ದು ಬಿದ್ದು ನಕ್ಕಿದ್ದೆವು.

ಮೊನ್ನೆ ಕವಾಟ ಕಚ್ಚಿಕೊಂಡಾಗ ತಮ್ಮ ಪೈಪಿನ ಜಾಯಿಂಟ್ ಬಿಚ್ಚಿ ಅದರೆದುರೇ ಕೂತಿದ್ದ. "ಭಾವ, ಹೊಡೀಬೇಡಿ, ಒಳಗೆ ಜೆಲ್ ಇನ್ನೂ ಇದೆ!" ಎಂದು ಅವನು ಕೂಗಿದ್ದು ಕಂಟ್ರೋಲ್ ರೂಮಿನ ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಸುಮ್ನಿರೋ, ನಿನಗಿಂತ ಮುಂಚೆ ಹುಟ್ಟಿದ್ದೀನಿ" ಎಂದೆ ನೀನು. ಹೊಡೆದೆ. ಜೆಲ್ ಸಡಿಲವಾಗಿ ಅವನ ಎದೆಗೆ ನುಗ್ಗಿತು. ಎರಡನೇ ಏಟಿಗೆ ಕಿಡಿ ಹಾರಿತು. ಆ ಸದ್ದಿಗೆ ಕಂಟ್ರೋಲ್ ರೂಮಿನ ಕಿಟಕಿಯ ಗಾಜೆಲ್ಲ ಪುಡಿಪುಡಿಯಾಯಿತು, ಅವನ ಕೂಗು ಅರ್ಧಕ್ಕೇ ನಿಂತಿತು. ಅಯ್ಯೋ, ನಾನು ಎತ್ತಿ ಆಡಿಸಿದ ಮಗು ಕಣೋ ಅದು!

ಜೆಲ್ ಹೇಗೆ ವರ್ತಿಸಬೇಕೋ ಹಾಗೇ ವರ್ತಿಸಿತು. ನೀನೂ ಅಷ್ಟೇ. ರೇಡಿಯೋ ಕೆಟ್ಟರೆ ಏಟು, ಬಾಗಿಲು ಅಂಟಿಕೊಂಡರೆ ಏಟು, ಎದುರು ಮಾತಾಡಿದೆನೆಂದು ಹೋದ ವರ್ಷ ನನ್ನ ಕೆನ್ನೆಗೂ ಏಟು. ಅವತ್ತೇ ನಿನ್ನ ಮನೆ ಬಿಟ್ಟೆ. ಈಗ ಆ ಸುತ್ತಿಗೆ ಸಿಕ್ಕರೆ ನಿನ್ನ ಬೆರಳುಗಳನ್ನು ಒಂದೊಂದಾಗಿ ಜಜ್ಜಿಬಿಡುವಷ್ಟು ಸಿಟ್ಟಿದೆ.

"ಹೊಡೆದದ್ದು ನಾನೇ" ಎಂದು ನಾಳೆ ಎಲ್ಲರೆದುರು ಹೇಳು. ಜೆಲ್ ಮೇಲೆ ಗೂಬೆ ಕೂರಿಸಿದರೆ ಇನ್ನೊಂದು ಸ್ಟ್ಯಾಂಡಿನಲ್ಲಿ ಇನ್ಯಾವನೋ ಸುತ್ತಿಗೆ ಎತ್ತುತ್ತಾನೆ, ಇನ್ಯಾರದೋ ತಮ್ಮ ಸಾಯುತ್ತಾನೆ.

ಇಂತಿ,
ಅವನ ಅಕ್ಕ

ತಾ.ಕ.: ಅಕ್ಷರ ನನ್ನದಲ್ಲ. ನನ್ನ ಎರಡೂ ಕೈಗೆ ಬ್ಯಾಂಡೇಜು ಸುತ್ತಿದ್ದಾರೆ, ನಾನು ಹೇಳಿದ್ದನ್ನು ನರ್ಸ್ ಬರೆದಳು. ನಿನ್ನನ್ನು ಬೆಂಕಿಯಿಂದ ಎಳೆದು ಹಾಕಿದ್ದು ಯಾರೆಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದೀಯಂತೆ. ಓಡಿ ಬಂದ ನನ್ನ ಕೈಗೆ ಹೊಗೆಯಲ್ಲಿ ಒಂದು ಕಾಲರ್ ಸಿಕ್ಕಾಗ ಅದು ತಮ್ಮನದು ಎಂದುಕೊಂಡಿದ್ದೆ.