ಮುಚ್ಚಳ ಹಾಕುವ ಮುಂಚೆ

ಸೆಂಕಾತ, ಎಲ್ ಆಲ್ತೊ
ಆಗಸ್ಟ್ 22, ಗುರುವಾರ

ಪ್ರೀತಿಯ ನಿಲ್ದಾ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಒಲೆಗೆ ಹಾಕಬೇಡ. ಇದು ನಮ್ಮಿಬ್ಬರ ಜಗಳದ ವಿಷಯವಲ್ಲ. ನಿನ್ನ ತಮ್ಮ ಕಾಸ್ತೋನ ಲಾರಿ ಹತ್ತುವವರ ಜೀವದ ವಿಷಯ. ಮಂಗಳವಾರದ ಒಳಗೆ ನೀನು ನಿನ್ನ ಅಮ್ಮನಿಗೆ ಒಂದು ಮಾತು ಹೇಳಬೇಕಾಗಿದೆ. ನಾನು ಹೇಳಿದರೆ ಅವರ ಕಿವಿಗೆ ಇಳಿಯುತ್ತಿಲ್ಲ.

ನಾನು ಬರೆಯುವ ಮನುಷ್ಯನಲ್ಲ, ನಿನಗೆ ಗೊತ್ತು. ಫೋನಿನಲ್ಲಿ ಕಳಿಸಿದ ವಾಯ್ಸ್ ನೋಟುಗಳು ಒಂದೂ ನಿನ್ನನ್ನು ಮುಟ್ಟಿಲ್ಲ, ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯಂತೆ. ಸರಿ ಬಿಡು. ಈಗ ನಾನು ಗ್ಯಾರೇಜಿನಲ್ಲಿ ತಿರುಗಾಡುತ್ತಾ ಫೋನಿಗೆ ಮಾತಾಡುತ್ತೇನೆ, ಆಮೇಲೆ ಅದನ್ನೇ ಕೇಳಿಸಿಕೊಂಡು ಕಾಗದಕ್ಕೆ ಇಳಿಸುತ್ತೇನೆ. ನಡುವೆ ನಾಯಿ ಬೊಗಳಿದ್ದು, ನಾನು ಕೆಮ್ಮಿದ್ದು ಬಿಟ್ಟು ಉಳಿದದ್ದೆಲ್ಲ ಇಲ್ಲಿದೆ. ಐವತ್ತು ವರ್ಷಕ್ಕೆ ಮೊದಲ ಸಲ ನನ್ನ ಧ್ವನಿಯನ್ನು ನಾನೇ ಕೂತು ಕೇಳಿದೆ. ಏನು ಮಾತು ಮಾರಾಯ್ತಿ, ಬೋಲ್ಟು ಬಿಗಿ ಮಾಡುವುದು ಬಿಟ್ಟು ಬೋಲ್ಟಿನ ಕಥೆ ಹೇಳುವವನ ಹಾಗೆ!

ವಿಷಯಕ್ಕೆ ಬರುತ್ತೇನೆ.

ಕಾಸ್ತೋ ನಿನಗೆ ಏನು ಹೇಳಿದ್ದಾನೆ ಅಂತ ಊಹಿಸಬಲ್ಲೆ, ಏಕೆಂದರೆ ಅದನ್ನೇ ಊರಿಗೆಲ್ಲ ಹೇಳಿದ್ದಾನೆ. ಅಕ್ಕ ಬಿಟ್ಟು ಹೋದ ಸಿಟ್ಟನ್ನು ಭಾವ ನನ್ನ ಗೇರ್‌ಬಾಕ್ಸಿನ ಮೇಲೆ ತೀರಿಸಿಕೊಂಡ, ಕುಡಿದ ಕೈಯಲ್ಲಿ ರಿಪೇರಿ ಮಾಡಿದ, ಅಂತ. ಅವನನ್ನು ನೋಡಲು ಆಸ್ಪತ್ರೆಗೆ ಹೋದೆ. ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿದ್ದೆ. ಕಾಲನ್ನು ಮೇಲಕ್ಕೆ ಕಟ್ಟಿ ಮಲಗಿಸಿದ್ದಾರೆ.

"ಅದನ್ನ ಹೊರಗಡೆ ನಾಯಿಗೆ ಹಾಕು ಭಾವ," ಅಂದ. "ನಿನ್ನ ಕೈ ಮುಟ್ಟಿದ್ದನ್ನ ತಿನ್ನೋ ಧೈರ್ಯ ಇಲ್ಲ ನಂಗೆ."

"ನಾಯಿ ಕಿತ್ತಳೆ ತಿನ್ನಲ್ಲ ಕಣೋ," ಅಂದೆ.

"ನಾಯಿಗೂ ಬುದ್ಧಿ ಇದೆ ನೋಡು, ನಾನೇ ದಡ್ಡ."

ಪಕ್ಕದ ಹಾಸಿಗೆಯವನು ನಕ್ಕ. ನಾನೂ ನಕ್ಕೆ. ಹಣ್ಣಿನ ಚೀಲ ಹಿಡಿದು ನಿಂತವನು ಮತ್ತೇನು ಮಾಡಲಿ?

ಆದದ್ದು ಇಷ್ಟು. ಕರಾನಾವಿಗೆ ಸಿಮೆಂಟ್ ಹೊತ್ತು ಹೊರಟಿದ್ದ. ಲಾ ಕುಂಬ್ರೆ ಘಾಟಿನ ನೆತ್ತಿ ದಾಟಿ ಇಳಿಜಾರು ಶುರುವಾದ ಮೇಲೆ ಗೇರ್ ಇಳಿಸಲು ಹೋದ. ನ್ಯೂಟ್ರಲ್‌ಗೆ ಬಂದದ್ದು ಮತ್ತೆ ಯಾವ ಗೇರಿಗೂ ಕೂರಲಿಲ್ಲ. ಒಳಗೆ ಎಲ್ಲ ಕಾದು ಹಿಡಿದುಕೊಂಡಿತ್ತು. ತುಂಬಿದ ಲಾರಿಗೆ ಇಳಿಜಾರಿನಲ್ಲಿ ಗೇರ್ ಇಲ್ಲ ಎಂದರೆ ಅದು ಬೆಟ್ಟದಿಂದ ಬಿಟ್ಟ ಬಂಡೆ. ಬ್ರೇಕು ಎಷ್ಟು ಹೊತ್ತು ತಡೆದೀತು? ಹೊಗೆ ಬಂತು, ವಾಸನೆ ಬಂತು, ಆಮೇಲೆ ಪೆಡಲ್ ಒತ್ತಿದರೆ ಏನೂ ಇಲ್ಲ. ನಿನ್ನ ತಮ್ಮ ಬೈಗುಳದ ಮನುಷ್ಯ, ಆದರೆ ಡ್ರೈವರ್ ಅಂದರೆ ಡ್ರೈವರ್. ಕಣಿವೆಯ ಕಡೆಗೆ ತಿರುಗದೆ ಬೆಟ್ಟದ ಗೋಡೆಗೆ ಉಜ್ಜಿಕೊಂಡು ಉಜ್ಜಿಕೊಂಡು ನಿಲ್ಲಿಸಿದ. ಕ್ಯಾಬಿನ್ನಿನ ಒಂದು ಮಗ್ಗುಲು ನಜ್ಜುಗುಜ್ಜಾಯಿತು, ಕಾಲು ಮುರಿಯಿತು, ಜೀವ ಉಳಿಯಿತು.

ನಮ್ಮಲ್ಲಿ ಒಂದು ಕಟ್ಟಳೆ ಇದೆಯಲ್ಲ, ಮುಚ್ಚಳ ಹಾಕಿದ ಕೈಯೇ ಮುಚ್ಚಳ ತೆಗೆಯಬೇಕು ಅಂತ. ಲಾರಿ ಸಂಘದ ಮುಖ್ಯಸ್ಥ ದೋನ್ ಬಾಸಿಲಿಯೋ ಆ ಗೇರ್‌ಬಾಕ್ಸನ್ನು ನನ್ನ ಗ್ಯಾರೇಜಿಗೇ ತಂದು ಇಳಿಸಿದರು. ಅವರ ಕಣ್ಣೆದುರು ಬಿಚ್ಚಿದೆ. ಎಣ್ಣೆ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ನಡುವಿನ ಶಾಫ್ಟು ಕಾದು ನೀಲಿ ತಿರುಗಿತ್ತು, ಅದರ ಮೇಲಿನ ಗೇರು ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿತ್ತು. ಹಲ್ಲೆಲ್ಲ ಗಟ್ಟಿ, ಬೇರಿಂಗು ಹೊಸದು, ನಾನು ಕೂರಿಸಿದ್ದೆಲ್ಲ ಕೂರಿಸಿದ ಜಾಗದಲ್ಲೇ ಇತ್ತು. ಎಣ್ಣೆಯೂ ತುಂಬ ಇತ್ತು. ಆದರೆ ಮೇಲಕ್ಕೆ ಹತ್ತಿಲ್ಲ. ಯಾಕೆ ಹತ್ತಿಲ್ಲ? ತಳಕ್ಕೆ ಕೈ ಹಾಕಿ ಆಯಿಲ್ ಪಂಪಿನ ಜರಡಿ ಎಳೆದೆ.

ಜರಡಿಯ ತುಂಬ ಬಣ್ಣದ ಕಾಗದದ ಚೂರು, ನಿಲ್ದಾ. ಗುಲಾಬಿ, ಹಳದಿ, ಹಸಿರು. ಎಣ್ಣೆಯಲ್ಲಿ ನೆನೆದು, ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡು, ಒಂದು ತೂತೂ ಬಿಡದೆ ಮುಚ್ಚಿಬಿಟ್ಟಿತ್ತು.

ಬಾಸಿಲಿಯೋ ಬಗ್ಗಿ ನೋಡಿದರು. "ಏನಯ್ಯಾ ಮೇಸ್ತ್ರಿ ಇದು, ಗೇರ್‌ಬಾಕ್ಸಿಗೆ ಹುಟ್ಟುಹಬ್ಬ ಮಾಡಿದ್ಯಾ?"

"ಹಳೇ ಗ್ಯಾಸ್ಕೆಟ್ ಕಾಗದ," ಅಂದೆ.

"ಗುಲಾಬಿ ಗ್ಯಾಸ್ಕೆಟ್ಟು! ನನ್ನ ಜನ್ಮದಲ್ಲಿ ಕಂಡಿಲ್ಲ. ನಿನ್ನ ಹತ್ರ ಲೇಸು ಹಚ್ಚಿದ್ದೂ ಇರ್ಬೇಕು." ನಗುತ್ತಲೇ ಹೇಳಿದರು, ಆದರೆ ಹೋಗುವಾಗ ನಗಲಿಲ್ಲ. "ಭಾನುವಾರ ಸಭೆ ಇದೆ. ಅಲ್ಲಿ ಬಂದು ಹೇಳು ಇದು ಏನು ಅಂತ. ಅಲ್ಲಿವರೆಗೂ ನಮ್ಮ ಸಂಘದ ಒಂದು ಲಾರೀನೂ ನಿನ್ನ ಬಾಗಿಲಿಗೆ ಬರೋದು ಬೇಡ."

ಬಾಗಿಲು ಖಾಲಿ. ಎದುರಿನ ಆಪಿ ಮಾರುವವಳು ಕೂಡ, ಆ ಜೋಳದ ಬಿಸಿ ಗಂಜಿಯನ್ನು ಲೋಟದಲ್ಲಿ ಕೊಡುವಾಗ, ನನ್ನ ಕೈಯನ್ನು ಒಂದು ಸಲ ನೋಡಿ ಕೊಡುತ್ತಾಳೆ.

ಆ ಚೂರು ಎಲ್ಲಿಂದ ಬಂತು ಎಂದು ನಿನಗೆ ಈಗಾಗಲೇ ಹೊಳೆದಿರಬೇಕು.

ತಿಂಗಳ ಮೊದಲ ಶುಕ್ರವಾರ ನಿನ್ನ ಅಮ್ಮ ಬಂದಿದ್ದರು. ಹೊಸ ಶಾಲು, ಬ್ರಷ್ ಹಾಕಿ ಹೊಳೆಸಿದ ಟೋಪಿ, ಕಂಕುಳಲ್ಲಿ ಬಿಯರ್ ಬಾಟಲಿ, ಚೀಲದಲ್ಲಿ ಕೋಕಾ ಎಲೆ, ಬಣ್ಣದ ಕಾಗದದ ಚೂರು. ಮಗನ ಲಾರಿಗೆ ಪೂಜೆ ಮಾಡಿ ಭೂತಾಯಿ ಪಾಚಮಾಮಾಗೆ ಬಡಿಸಲು. ಎಲ್ಲರೂ ಮಾಡುವುದೇ, ಯಾರ ಗ್ಯಾರೇಜಿನ ನೆಲ ಬಿಯರ್ ಕುಡಿದಿಲ್ಲ ಹೇಳು. ಆದರೆ ಎಲ್ಲ ಮುಗಿದು, ಬೋಲ್ಟು ಬಿಗಿದು, ಲಾರಿ ಬೀದಿಗೆ ಬಂದ ಮೇಲೆ ಮಾಡುವುದು. ಅವತ್ತು ಗೇರ್‌ಬಾಕ್ಸು ಇನ್ನೂ ಮೇಜಿನ ಮೇಲೆ ತೆರೆದೇ ಇತ್ತು.

"ಅತ್ತೆ, ಸಂಜೆ ಬನ್ನಿ, ಮುಚ್ಚಿಬಿಡ್ತೀನಿ," ಅಂದೆ.

"ಮುಚ್ಚಿದ ಮೇಲೆ ಏನು ಬಂತು ಮಣ್ಣು!" ಅಂದರು. "ಆಗಸ್ಟಿನಲ್ಲಿ ತಾಯಿ ಬಾಯಿ ತೆರ್ಕೊಂಡು ಕೂತಿರ್ತಾಳೆ. ಇದೂ ಬಾಯಿ ತೆರ್ಕೊಂಡಿದೆ. ತುತ್ತು ಯಾವಾಗ ಕೊಡ್ತಾರೆ ಸೆನೋನ, ಬಾಯಿ ತೆರೆದಾಗಲೋ ಮುಚ್ಚಿದಾಗಲೋ?"

ನೆಲಕ್ಕೆ ಬಿಯರ್ ಸುರಿದರು, ಗೇರ್‌ಬಾಕ್ಸಿನ ಹೊರಮೈಗೆ ಚಿಮುಕಿಸಿದರು, ಚೂರುಗಳನ್ನು ಒಂದು ಹಿಡಿ ಎತ್ತಿ ಒಳಗೇ ಹಾಕಿದರು. ಅವರು ಅತ್ತ ತಿರುಗಿದ ಮೇಲೆ ನಾನು ಇಕ್ಕಳ ಹಿಡಿದು ಕಣ್ಣಿಗೆ ಕಂಡದ್ದನ್ನೆಲ್ಲ ಹೆಕ್ಕಿದೆ. ಆಮೇಲೆ ಮುಚ್ಚಳ ಹಾಕಿದೆ.

ಈಗ ಕೇಳು, ನಿನ್ನನ್ನು ಬೇಡಿಕೊಳ್ಳುತ್ತಿರುವುದು ಯಾಕೆಂದು. ಕಾಸ್ತೋ ಈಗ ಬೇರೆ ಗೇರ್‌ಬಾಕ್ಸು ಕೊಂಡು ವಿಯಾ ಅದೇಲಾದ ಮೇಸ್ತ್ರಿ ಎಲೆವುತೇರಿಯೋ ಹತ್ತಿರ ಕೊಟ್ಟಿದ್ದಾನೆ. ಮಂಗಳವಾರ ಅದರ ಮುಚ್ಚಳ ಹಾಕುತ್ತಾರೆ. ಕಾಲು ಸರಿಯಾಗುವವರೆಗೆ ಲಾರಿ ಓಡಿಸುವವನು ಅವನ ಸ್ನೇಹಿತ. ಅವನೂ ಅದೇ ಇಳಿಜಾರಿನಲ್ಲೇ ಹೋಗುವವನು, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ನಿನ್ನ ಅಮ್ಮ ಮಂಗಳವಾರ ಅಲ್ಲಿಗೆ ಹೋಗುತ್ತಾರೆ. ಆಗಸ್ಟ್ ಇನ್ನೂ ಮುಗಿದಿಲ್ಲವಲ್ಲ.

ಮೊನ್ನೆ ಅವರ ಆಲೂಗಡ್ಡೆ ಅಂಗಡಿಗೆ ಹೋದೆ. ಕಾಗದದ ಚೂರಿನ ಮಾತು ಎತ್ತಲಿಲ್ಲ. "ಅತ್ತೆ, ಈ ಸಲ ಮುಚ್ಚಳ ಹಾಕಿದ ಮೇಲೆ ಪೂಜೆ ಮಾಡಿ," ಅಂದೆ ಅಷ್ಟೆ. ತಕ್ಕಡಿ ಕೆಳಗಿಟ್ಟರು.

"ಹೋದ ಸಲ ನಾನು ಕೈ ಬಿಗಿ ಹಿಡಿದು ಸ್ವಲ್ಪವೇ ಕೊಟ್ಟೆ, ಅದಕ್ಕೇ ತಾಯಿ ಮಗನ ಕಾಲು ತಗೊಂಡ್ಲು. ಈ ಸಲ ಬುಟ್ಟಿ ತುಂಬ ತಗೊಂಡು ಹೋಗ್ತೀನಿ. ನಿನ್ನ ಕೆಲಸ ಕೆಟ್ಟಿದ್ದಕ್ಕೆ ನನ್ನ ಪೂಜೆ ತಡೀಬೇಡ, ಹೋಗು. ಗಿರಾಕಿಗೆ ಅಡ್ಡ ನಿಂತಿದ್ದೀಯ."

ಬುಟ್ಟಿ ತುಂಬ, ನಿಲ್ದಾ!

ಎಲೆವುತೇರಿಯೋ ಹತ್ತಿರವೂ ಹೋದೆ. ಬಾಕ್ಸ್ ತೆರೆದಿರುವಾಗ ಯಾರನ್ನೂ ಹತ್ತಿರ ಬಿಡಬೇಡಿ ಎಂದೆ. "ನೀನು ಮುಚ್ಚಿದ್ದು ಎಲ್ಲಿ ಹೋಗಿ ನಿಂತಿದೆ ಅಂತ ಗೊತ್ತು, ನಂಗೆ ಕಲಿಸೋಕೆ ಬರ್ಬೇಡ," ಅಂದ. "ಒಬ್ಬ ತಾಯಿ ಪೂಜೆಗೆ ಬಂದರೆ ಬೇಡ ಅನ್ನೋಕೆ ನಾನ್ಯಾರು? ನನ್ನ ಅಂಗಡಿ ಉಳೀಬೇಕಾ ಬೇಡ್ವಾ?" ಅವನು ಹೇಳುವುದೂ ಸರಿಯೇ. ನಾನೂ ಹಾಗೆಯೇ ಅಂದುಕೊಂಡು ಸುಮ್ಮನಿದ್ದವನು.

ಕಾರಣವನ್ನು ಬಿಡಿಸಿ ಹೇಳಿದ್ದರೆ ಅವನು ಕೇಳುತ್ತಿದ್ದನೋ ಏನೋ. ಆದರೆ ಸಂಜೆಯೊಳಗೆ ಅದು ಇಡೀ ಸಂತೆಗೆ ಗೊತ್ತಾಗುತ್ತದೆ. ಗಂಡ ಹೋದ ಮೇಲೆ ಆಲೂಗಡ್ಡೆ ಮೂಟೆ ಹೊತ್ತು ಮಗನಿಗೆ ಸ್ಟಿಯರಿಂಗ್ ಹಿಡಿಸಿದ ಹೆಂಗಸಿಗೆ, ನಿನ್ನ ಆಶೀರ್ವಾದವೇ ಅವನ ಕಾಲು ಮುರಿದದ್ದು ಎಂದು ಸಂತೆ ಹೇಳಬೇಕೇ? ಅದನ್ನು ಕೇಳಿದ ಮೇಲೆ ಅವರು ಯಾವ ಮುಖದಿಂದ ನೆಲಕ್ಕೆ ಒಂದು ಹನಿ ಸುರಿದಾರು?

ಅದಕ್ಕೇ ನೀನು ಬೇಕು. ನಿನ್ನ ಮಾತು ಅವರು ಮೀರುವುದಿಲ್ಲ. ಕಾಗದದ ಚೂರು, ಜರಡಿ ಯಾವುದೂ ಹೇಳಬೇಡ. ಕನಸು ಬಿತ್ತು ಅನ್ನು, ನಿನ್ನ ಊರಿನ ಹತ್ತಿರದ ಕ್ವಿಯಾಕೊಯೋ ಮಾತೆಯ ಗುಡಿಯಲ್ಲಿ ಯಾರೋ ಹಿರಿಯರು ಹೇಳಿದರು ಅನ್ನು. ಕಬ್ಬಿಣದ ಬಾಯಿ ಬೇರೆ, ನೆಲದ ಬಾಯಿ ಬೇರೆ ಅನ್ನು. ಕಬ್ಬಿಣಕ್ಕೆ ಹೊರಗೆ ಬಡಿಸಬೇಕು, ನೆಲಕ್ಕೆ ಒಳಗೆ. ಈ ಮಾತು ನಾನೇ ಕಟ್ಟಿದ್ದು, ಚೆನ್ನಾಗಿದೆ ಅನಿಸುತ್ತದೆ. ನೀನು ಇನ್ನೂ ಚೆನ್ನಾಗಿ ಕಟ್ಟುತ್ತೀಯ. ಫೋನಿನಲ್ಲಿ ಬೇಡ, ಬಸ್ಸು ಹತ್ತಿ ಬಾ. ಅಮ್ಮನ ಮನೆಯಲ್ಲೇ ಇಳಿದುಕೋ, ನನ್ನ ಬೀದಿಗೆ ಬರಬೇಕಾಗಿಲ್ಲ.

ಭಾನುವಾರದ ಸಭೆಯ ಚಿಂತೆ ನಿನಗೆ ಬೇಡ. ಮುಚ್ಚಳ ಹಾಕಿದ ಕೈ ನನ್ನದು, ತಪ್ಪೂ ನನ್ನದೇ ಅನ್ನುತ್ತೇನೆ. ಬೋರ್ಡು ಇಳಿಸು ಅಂದರೆ ಇಳಿಸುತ್ತೇನೆ. ಓರೂರೋದಲ್ಲಿ ಗಣಿ ಲಾರಿಗಳಿಗೆ ಕೈ ಬೇಕಾಗಿದೆಯಂತೆ.

ಈ ಕಾಗದವನ್ನು ಕೋಚಬಾಂಬಾ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ. ಅವನು ನನ್ನ ಹಳೆಯ ಗಿರಾಕಿ, ಇನ್ನೂ ನನ್ನ ಜೊತೆ ಮಾತಾಡುತ್ತಾನೆ.

ಇಂತಿ,
ನೀನು ಒಪ್ಪಿದರೂ ಒಪ್ಪದಿದ್ದರೂ ನಿನ್ನವನೇ ಆದ
ಸೆನೋನ್

ಬಿಟ್ಟ ಮಾತು: ಬರೆದದ್ದನ್ನು ಓದಿ ನೋಡಿದೆ. ಇದನ್ನು ಓದಿದವರು ನನ್ನನ್ನು ದೊಡ್ಡ ಮನುಷ್ಯ ಅಂದುಕೊಂಡಾರು. ನೀನು ಅಂದುಕೊಳ್ಳಬಾರದು. ಒಂದು ಹಿಡಿ ಅಂತ ಬರೆದೆನಲ್ಲ, ಅದನ್ನು ಹಾಕುವಾಗ ಅಮ್ಮ 'ಕಾಸ್ತೋನ ದಾರಿಗೆ' ಅಂದರು. ಅದನ್ನು ಪೂರ್ತಿ ಹೆಕ್ಕಿದೆ, ಆಣೆ ಮಾಡಿ ಹೇಳುತ್ತೇನೆ. ಆಮೇಲೆ ಅವರು ಬಾಗಿಲ ತನಕ ಹೋದವರು ತಿರುಗಿ ಬಂದು ಇನ್ನೊಂದು ಹಿಡಿ ಹಾಕಿದರು. ಕಣ್ಣು ಮುಚ್ಚಿಕೊಂಡು, "ನನ್ನ ನಿಲ್ದಾ ಇವನ ಮನೆಗೆ ವಾಪಸ್ ಬರಲಿ" ಅಂದರು. ಆ ಚೂರುಗಳು ಶಾಫ್ಟಿನ ಕೆಳಗೆ ಇಳಿದು ಹೋದವು. ಶಾಫ್ಟು ಬಿಚ್ಚಿ ಎತ್ತಿದ್ದರೆ ಸಿಗುತ್ತಿದ್ದವು. ಎತ್ತಲು ಮನಸ್ಸಾಗಲಿಲ್ಲ ನಿಲ್ದಾ, ಎಣ್ಣೆಯಲ್ಲಿ ಕರಗಿ ಹೋಗುತ್ತವೆ ಅಂದುಕೊಂಡೆ. ಭಾನುವಾರ ನಾನು ತಪ್ಪು ನನ್ನದು ಅಂದಾಗ, ಪಾಪ, ಯಾರನ್ನೋ ಕಾಪಾಡಲು ಸುಳ್ಳು ಹೇಳುತ್ತಿದ್ದಾನೆ ಅಂತ ಬಾಸಿಲಿಯೋ ತಿಳಿದುಕೊಳ್ಳುತ್ತಾರೆ. ಸುಳ್ಳಲ್ಲ ಅಂತ ನಿನಗೊಬ್ಬಳಿಗೆ ಗೊತ್ತಿರಲಿ.